ಹಾಲು ಬೇರೆ, ನೀರು ಬೇರೆ

ಏಪ್ರಿಲ್ ತಿಂಗಳ ಒಂದು ಸಂಜೆ. ಹುಳಿಯಾರಿನ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಗಳು ಸಾಮಾನು ಜೋಡಿಸುತ್ತಿದ್ದಳು. ನಾಲ್ಕು ತಿಂಗಳ ಕೂಸನ್ನು ಕಟ್ಟಿಕೊಂಡು ಬೆಂಗಳೂರಿನಿಂದ ಬಂದು ಎರಡು ದಿನವಾಗಿತ್ತು. ಮರುದಿನ ಬೆಳಗಿನ ತಂಪಿನಲ್ಲೇ ಹೊರಟು ಮಂಗಳೂರಿಗೆ ಹೋಗುವುದು, ಮೂರು ದಿನ ಸಮುದ್ರದ ದಂಡೆಯಲ್ಲಿ ಇದ್ದು ಬರುವುದು ಅಂತ ಅಳಿಯ ತೀರ್ಮಾನಿಸಿದ್ದ. ಕೂಸು ನೋಡಿಕೊಳ್ಳಲು ನಾನೂ ಜೊತೆಗೆ.

ನಮ್ಮೂರಿನವರಿಗೆ ಮಂಗಳೂರಿನ ದಾರಿ ಕೇಳಬೇಕಾಗಿಲ್ಲ. ಊರೊಳಗೆ ಹಾಯುವ ಹೆದ್ದಾರಿ, ಹಳೆಯ ಲೆಕ್ಕದಲ್ಲಿ 234, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ ಹಿಡಿದು ಚಾರ್ಮಾಡಿ ಘಾಟಿ ಇಳಿದು ಅಲ್ಲಿಗೇ ಮುಟ್ಟಿಸುತ್ತದೆ. ತೆಂಗಿನ ಸಾಲಿನಿಂದ ಹೊರಟು ತೆಂಗಿನ ಸಾಲಿಗೇ ಹೋಗಿ ಸೇರುವ ದಾರಿ. ದೊಡ್ಡವರೇ ಆದರೆ ಬೆಳಗ್ಗೆ ತಿಂಡಿ ತಿಂದು ಹೊರಟು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಕೂಸಿದ್ದರೆ ಇಡೀ ಹಗಲು ಬೇಕು.

ಚಾಪೆಯ ಮೇಲೆ ಆರು ಹಾಲಿನ ಬಾಟಲಿ, ಅವುಗಳ ತೊಟ್ಟುಗಳು, ತೊಳೆಯುವ ಬ್ರಷ್ಷು, ಎರಡು ಸ್ಟೀಲ್ ಫ್ಲಾಸ್ಕು, ಹಾಲಿನ ಪುಡಿಯ ಡಬ್ಬ, ಒಂದೊಂದು ಹೊತ್ತಿನ ಪುಡಿ ಅಳೆದು ತುಂಬಿದ ಸಣ್ಣ ಡಬ್ಬಿಗಳು, ಹತ್ತಿಯ ಟೋಪಿ, ಹಳೆಯ ವಾಯಿಲ್ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆಗಳು, ಸೊಳ್ಳೆ ಪರದೆ, ನಾಲ್ಕು ಓ.ಆರ್.ಎಸ್. ಪೊಟ್ಟಣ. ಒಂದು ಅಂಗೈ ಅಗಲದ ಜೀವಕ್ಕೆ ಎರಡು ಚೀಲ ಸಾಮಾನು! ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದ ಅವ್ವ ಇದೆಲ್ಲವನ್ನೂ ನೋಡುತ್ತಿದ್ದಳು. ಅವ್ವನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜಾದರೂ ಆ ಫ್ಲಾಸ್ಕು ಮಾತ್ರ ಅವಳಿಗೆ ಸ್ಪಷ್ಟವಾಗಿ ಕಂಡಿತ್ತು ಅನ್ನಿಸುತ್ತದೆ.

“ಇಂಥಾ ಬಿಸ್ಲಲ್ಲಿ ಬಾಟ್ಲಿ ಹಾಲಿನ ಕೂಸನ್ನ ದೂರ ಕರ್ಕಂಡ್ ಹೋಗ್ತೀರೇನೇ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಫ್ಲಾಸ್ಕಿಗೆ ಹಾಲು ಮಾತ್ರ ಹಾಕ್ಬ್ಯಾಡಿ” ಅಂದು ಎದ್ದು ಹೋದಳು.

ಮಗಳು ನನ್ನ ಮುಖ ನೋಡಿದಳು. ನನಗೆ ಹುಟ್ಟುವ ಮುಂಚೆಯೇ ಒಬ್ಬ ಅಣ್ಣನಿದ್ದ, ಏಳು ತಿಂಗಳಿಗೆ ತೀರಿಕೊಂಡ ಅನ್ನುವಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ನನಗೂ ಬಹಳ ವರ್ಷ ಅಷ್ಟೇ ಗೊತ್ತಿದ್ದದ್ದು.

ಅದು 1966ರ ಬೇಸಿಗೆ. ಅವ್ವನಿಗೆ ವಿಷಮಶೀತ ಜ್ವರ ಬಂದು ಎದೆಹಾಲು ಬತ್ತಿಹೋಗಿತ್ತು. ಅಪ್ಪ ತಿಪಟೂರಿಗೆ ಕೊಬ್ಬರಿ ಹಾಕಲು ಹೋದಾಗ ಹಾಲಿನ ಪುಡಿಯ ಡಬ್ಬವನ್ನೂ ಗಾಜಿನ ಬಾಟಲಿಯನ್ನೂ ತಂದಿದ್ದರು. ಹೊಸದುರ್ಗದ ಕಡೆಯ ತವರಿನಲ್ಲಿ ಚಿಕ್ಕಮ್ಮನ ಮದುವೆ. ದಾರಿಯಲ್ಲಿ ಮಗುವಿಗೆ ತೊಂದರೆಯಾಗಬಾರದೆಂದು ಅಪ್ಪ ಮೇಷ್ಟ್ರ ಮನೆಯಿಂದ ಒಂದು ಫ್ಲಾಸ್ಕು ಕಡ ತಂದರು. ಊರಿನಲ್ಲಿ ಆಗ ಫ್ಲಾಸ್ಕು ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ಬೆಳಗ್ಗೆ ಆರಕ್ಕೆ ಅವ್ವ ಇಡೀ ದಿನಕ್ಕಾಗುವಷ್ಟು ಹಾಲು ಕಲಸಿ, ಹದವಾಗಿ ಬೆಚ್ಚಗೆ ಮಾಡಿ, ಫ್ಲಾಸ್ಕಿಗೆ ತುಂಬಿ ಬಿರಡೆ ಹಾಕಿದಳು. ದಾರಿಯಲ್ಲಿ ಬಸ್ಸು ಕೆಟ್ಟಿತು. ಮಧ್ಯಾಹ್ನದವರೆಗೆ ಹುಣಸೆಮರದ ಕೆಳಗೆ ಕೂತರು. “ಆಗ್ಲೂ ಬಗ್ಗಿಸಿದ್ರೆ ಹಾಲು ಬೆಚ್ಚುಗೇ ಇತ್ತು ಕಣೇ. ನಮ್ಮ ಪುಣ್ಯ ಅಂದ್ಕಂಡೆ” ಎಂದು ಅವ್ವ ಒಮ್ಮೆ ನನಗೆ ಹೇಳಿದ್ದಳು. ಆ ರಾತ್ರಿಯೇ ವಾಂತಿಭೇದಿ ಶುರುವಾಯಿತು. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ ಎಂದು ಹಿರಿಯರು ಹೇಳಿದರು. ಕೊಡಲಿಲ್ಲ. ಮೂರನೆಯ ದಿನ ಎಲ್ಲ ಮುಗಿಯಿತು.

ಡಬ್ಬದ ಹಾಲು ಉಷ್ಣ, ಅದಕ್ಕೇ ಹೀಗಾಯಿತು ಅಂದವರಿದ್ದರು. ಹೆತ್ತವಳ ಹಾಲು ಇಲ್ಲದ ಮೇಲೆ ಇನ್ನೇನಾದೀತು ಅಂದವರೂ ಇದ್ದರು. ಅವ್ವ ಎರಡನ್ನೂ ನಂಬಿ, ಎರಡನ್ನೂ ತನ್ನ ಮೇಲೆ ಹಾಕಿಕೊಂಡು ಅರವತ್ತು ವರ್ಷ ಸವೆಸಿದಳು. ಮಗಳ ಚಾಪೆಯ ಮೇಲಿನ ಸಾಮಾನುಗಳ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೊರಟದ್ದು ಈ ಕಾರಣಕ್ಕೆ.

ತಾಯಿಹಾಲು ಸಿಗದ ಮಕ್ಕಳು ಎಲ್ಲ ಕಾಲದಲ್ಲೂ ಇದ್ದರು. ಮಹಾಭಾರತದ ಅಶ್ವತ್ಥಾಮನ ಕಥೆ ನಮಗೆಲ್ಲ ಗೊತ್ತು. ಹಸುವಿಲ್ಲದ ದ್ರೋಣನ ಮನೆಯ ಹುಡುಗನಿಗೆ ಓರಗೆಯವರು ಹಿಟ್ಟು ಕಲಸಿದ ನೀರನ್ನು ಹಾಲೆಂದು ಕುಡಿಸುತ್ತಾರೆ, ಅವನು ಹಾಲು ಕುಡಿದೆನೆಂದು ಕುಣಿಯುತ್ತಾನೆ. ದ್ರೋಣ ದ್ರುಪದನ ಬಾಗಿಲಿಗೆ ಹೋಗಿ ಅವಮಾನ ಪಡಲು, ಮುಂದಿನ ಹಗೆಗೆಲ್ಲ ಅದೂ ಒಂದು ಮೂಲ. ಹಳ್ಳಿಗಳಲ್ಲಿ ಅಕ್ಕಪಕ್ಕದ ಬಾಣಂತಿಯರು ಎದೆ ಕೊಡುತ್ತಿದ್ದರು. ಅದೂ ಇಲ್ಲದಿದ್ದರೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಈಗಿನ ಮಕ್ಕಳಿಗೆ ಒಳಲೆ ಎಂದರೆ ತಿಳಿಯದು. ಬಾಯಿ ಚೂಪಾಗಿ ಎಳೆದ ಪುಟ್ಟ ಬಟ್ಟಲು ಅದು. ತುದಿಯನ್ನು ಮಗುವಿನ ತುಟಿಯಂಚಿಗಿಟ್ಟು ಸ್ವಲ್ಪಸ್ವಲ್ಪವೇ ಬಗ್ಗಿಸುವುದು. ಬೆಳ್ಳಿಯದು ಉಳ್ಳವರ ಮನೆಯಲ್ಲಿ, ಹಿತ್ತಾಳೆಯದು ಉಳಿದವರಲ್ಲಿ.

ತಾಯಿಹಾಲಿಗೆ ಬದಲಿಯನ್ನು ರಸಾಯನಶಾಸ್ತ್ರದ ಲೆಕ್ಕ ಹಾಕಿ ಮಾಡುವ ಪ್ರಯತ್ನ ನಡೆದದ್ದು 1860ರ ದಶಕದ ಯುರೋಪಿನಲ್ಲಿ. ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞ ಹಸುವಿನ ಹಾಲು, ಗೋಧಿ ಹಿಟ್ಟು, ಮೊಳಕೆ ಬಂದ ಧಾನ್ಯದ ಹಿಟ್ಟು ಸೇರಿಸಿ ಒಂದು ಆಹಾರ ತಯಾರಿಸಿದ. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಊರಿನಲ್ಲಿ ಹೆನ್ರಿ ನೆಸ್ಲೆ ಎಂಬ ಔಷಧ ವ್ಯಾಪಾರಿ ಹಾಲು, ಗೋಧಿ ಹಿಟ್ಟು, ಸಕ್ಕರೆಯ ಪುಡಿಯನ್ನು ಮಾರಾಟಕ್ಕೆ ತಂದ. ನಮ್ಮಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ‘ಸರಿ’ ಮಾಡುವ ಅಜ್ಜಿಯರಿಗೆ ಲೀಬಿಗ್‌ನ ಮೊಳಕೆ ವಿದ್ಯೆ ಹೊಸದಾಗಿ ಕಾಣುತ್ತಿರಲಿಲ್ಲ. ಆದರೆ ಸರಿ ಆರು ತಿಂಗಳು ದಾಟಿದ ಕೂಸಿಗೆ. ಅವರಿಬ್ಬರೂ ಹೊರಟಿದ್ದು ಹಸುಗೂಸಿಗೆ ಹಾಲಿನ ಬದಲಿ ಕೊಡಲು. ಮುಂದೆ ನ್ಯೂಜಿಲೆಂಡಿನ ಹುಲ್ಲುಗಾವಲಿನ ಹಾಲು ಪುಡಿಯಾಗಿ ಡಬ್ಬ ಸೇರಿ, 1906ರಲ್ಲಿ ಗ್ಲಾಕ್ಸೋ ಎಂಬ ಹೆಸರು ಹೊತ್ತು ಬ್ರಿಟಿಷ್ ಸಾಮ್ರಾಜ್ಯದ ಊರೂರಿಗೂ ಹರಡಿತು.

ತೆಂಗಿನ ಸೀಮೆಯವರಿಗೆ ಇದರ ಒಳಗುಟ್ಟು ಬೇಗ ಅರ್ಥವಾಗುತ್ತದೆ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕಳಚಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಹಸಿ ಕಾಯಿ ಒಡೆದಿಟ್ಟರೆ ಮರುದಿನಕ್ಕೆ ಲೋಳೆ. ಕೊಬ್ಬರಿಯಾದರೆ ತಿಪಟೂರಿನಿಂದ ದೆಹಲಿಯವರೆಗೂ ಹೋಗುತ್ತದೆ. ಕೆಡಿಸುವುದು ನೀರು. ನೀರು ತೆಗೆದರೆ ಪದಾರ್ಥ ಪ್ರಯಾಣ ಮಾಡುತ್ತದೆ. ಹಾಲಿನ ಪುಡಿಯೂ ಇಷ್ಟೇ. ತೊಂದರೆ ಶುರುವಾಗುವುದು ಅದಕ್ಕೆ ಮತ್ತೆ ನೀರು ಕೂಡಿಸಿದ ಗಳಿಗೆಯಿಂದ.

ಡಬ್ಬದ ಹಾಲಿನ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ ಎನ್ನುವುದು ನನಗೆ ತಡವಾಗಿ ತಿಳಿಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಗುವಿನ ಹಾಲಿನ ಪುಡಿ ಬಹುಪಾಲು ಹೊರದೇಶದಿಂದ ಬರುತ್ತಿತ್ತು. ನಮ್ಮಲ್ಲಿ ಹೇರಳವಾಗಿದ್ದದ್ದು ಎಮ್ಮೆ ಹಾಲು. ಎಮ್ಮೆ ಹಾಲನ್ನು ಪುಡಿ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲ. ಗುಜರಾತಿನ ಆಣಂದಿನಲ್ಲಿ ಎಚ್.ಎಂ. ದಲಾಯ ಎಂಬ ಎಂಜಿನಿಯರ್ ಅದನ್ನು ಮಾಡಿ ತೋರಿಸಿದರು. ಅಲ್ಲಿನ ಡೇರಿ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದ್ದು 1955ರ ಅಕ್ಟೋಬರ್ 31ರಂದು. ಆದರೆ ಪುಡಿಯಾದ ಮಾತ್ರಕ್ಕೆ ಎಮ್ಮೆ ಹಾಲು ಹಸುಗೂಸಿಗೆ ಆಗುವುದಿಲ್ಲ. ತಾಯಿಹಾಲಿನಲ್ಲಿ ಪ್ರೊಟೀನು ನೂರಕ್ಕೆ ಒಂದರಷ್ಟು, ಎಮ್ಮೆ ಹಾಲಿನಲ್ಲಿ ಅದರ ನಾಲ್ಕು ಪಟ್ಟು. ಕೊಬ್ಬೂ ಹೆಚ್ಚು. ಎಳೆಯ ಹೊಟ್ಟೆಯಲ್ಲಿ ಅದು ಗಟ್ಟಿ ಗಡ್ಡೆಯಾಗುತ್ತದೆ. ಆ ಕೊಬ್ಬನ್ನು ಇಳಿಸಿ, ಗಡ್ಡೆ ಮೆತ್ತಗಾಗುವಂತೆ ಮಾಡಿ, ಸಕ್ಕರೆ ಮತ್ತು ವಿಟಮಿನ್ನು ಬೆರೆಸಿ ಮಗುವಿಗೆ ಒಗ್ಗುವ ಪುಡಿಯನ್ನಾಗಿಸುವ ಕ್ರಮ ಸಿದ್ಧವಾದದ್ದು ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಆಹಾರ ಸಂಶೋಧನಾಲಯ ಅದು. 1960ರ ಹೊತ್ತಿಗೆ ಅದೇ ಕ್ರಮದಲ್ಲಿ ಆಣಂದಿನಲ್ಲಿ ಅಮುಲ್ ಬೇಬಿ ಫುಡ್ ತಯಾರಾಗತೊಡಗಿತು. ಗುಂಡುಗುಂಡಾದ ಮಗುವನ್ನು ಕಂಡರೆ ‘ಅಮುಲ್ ಬೇಬಿ’ ಅನ್ನುವ ಮಾತು ನಮ್ಮ ಹಳ್ಳಿಗಳಲ್ಲೂ ಇನ್ನೂ ಉಳಿದಿದೆ. ಅದರ ಹಿಂದೆ ಮೈಸೂರಿನ ಪ್ರಯೋಗಶಾಲೆಯಿದೆ ಎಂದು ಹೇಳುವವರಿಗೂ ಗೊತ್ತಿರುವುದಿಲ್ಲ.

ಅಪ್ಪ 1966ರಲ್ಲಿ ತಂದ ಡಬ್ಬ ಯಾವುದೆಂದು ಅವ್ವನಿಗೆ ನೆನಪಿಲ್ಲ. ಯಾವುದೇ ಆಗಿದ್ದರೂ ಒಳಗಿನ ಪುಡಿ ‘ಉಷ್ಣ’ವಾಗಿರಲಿಲ್ಲ. ಉಷ್ಣವಿದ್ದದ್ದು ಫ್ಲಾಸ್ಕಿನಲ್ಲಿ.

ಫ್ಲಾಸ್ಕಿನ ಕಥೆಯೂ ವಿಚಿತ್ರ. 1892ರಲ್ಲಿ ಸ್ಕಾಟ್‌ಲೆಂಡಿನ ವಿಜ್ಞಾನಿ ಜೇಮ್ಸ್ ಡ್ಯೂವರ್ ಗಾಜಿನ ಎರಡು ಗೋಡೆಗಳ ನಡುವಿನ ಗಾಳಿ ತೆಗೆದು ಈ ಪಾತ್ರೆ ಮಾಡಿದ್ದು ಬಿಸಿಯನ್ನು ಕಾಯಲು ಅಲ್ಲ, ತನ್ನ ಪ್ರಯೋಗದ ಅತಿ ಶೀತದ ದ್ರವಗಳನ್ನು ಕಾಯಲು. 1904ರಲ್ಲಿ ಜರ್ಮನಿಯವರು ಅದನ್ನೇ ಥರ್ಮೋಸ್ ಎಂಬ ಹೆಸರಿನಲ್ಲಿ ಮನೆಬಳಕೆಗೆ ತಂದರು. ಒಳಗಿಟ್ಟದ್ದನ್ನು ಇಟ್ಟ ಹಾಗೇ ಕಾಯುವುದು ಅದರ ಗುಣ. ಕುದಿಯುವ ನೀರು ಹಾಕಿದರೆ ಕುದಿಯನ್ನು ಕಾಯುತ್ತದೆ, ಅದರಲ್ಲಿ ಯಾವ ಕ್ರಿಮಿಯೂ ಬದುಕಿ ಬೆಳೆಯದು. ಕೈಗೆ ಹಿತವಾದ ಬೆಚ್ಚಗಿನ ಹಾಲು ಹಾಕಿದರೆ ಆ ಬೆಚ್ಚಗೆಯನ್ನೇ ಕಾಯುತ್ತದೆ. ಹೆಪ್ಪು ಹಾಕಿದ ಮಡಕೆಯನ್ನು ನಾವು ಒಲೆಯ ಬದಿಗೆ ಇಡುವುದು ಯಾಕೆ? ಆ ಹದದಲ್ಲೇ ಹೆಪ್ಪಿನ ಜೀವಾಣು ಹೆಚ್ಚುವುದು. ಒಳ್ಳೆಯವೂ ಹೆಚ್ಚುತ್ತವೆ, ಕೆಟ್ಟವೂ ಹೆಚ್ಚುತ್ತವೆ. ಅನುಕೂಲ ಸಿಕ್ಕರೆ ಕೆಲವು ಕ್ರಿಮಿಗಳು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಹಾಗೆ ಲೆಕ್ಕ ಹಾಕಿದರೆ ಬೆಳಗ್ಗೆ ಆರಕ್ಕೆ ಒಂದಿದ್ದದ್ದು ಮಧ್ಯಾಹ್ನ ಹನ್ನೆರಡಕ್ಕೆ 2,62,144. ಹುಣಸೆಮರದ ಕೆಳಗೆ ಅವ್ವ ಪುಣ್ಯ ಅಂದುಕೊಂಡ ಬೆಚ್ಚಗೆ ಇದು.

ಇಂಥ ಸಾವುಗಳು ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಷ್ಟು ಹಿಂದೆಯೇ ಸಿಂಗಾಪುರದಲ್ಲಿ ‘ಹಾಲು ಮತ್ತು ಕೊಲೆ’ ಎಂಬ ಕಟುವಾದ ಹೆಸರಿಟ್ಟು ಭಾಷಣ ಮಾಡಿದ್ದರು. ಡಬ್ಬದ ಸಿಹಿಹಾಲನ್ನು ತಾಯಂದಿರಿಗೆ ಒಳ್ಳೆಯದೆಂದು ಹೇಳಿ ಮಾರುವವರನ್ನು ಕುರಿತ ಮಾತು ಅದು. 1974ರಲ್ಲಿ ಬ್ರಿಟನ್ನಿನ ವಾರ್ ಆನ್ ವಾಂಟ್ ಸಂಸ್ಥೆ ಬಡದೇಶಗಳಲ್ಲಿ ನಡೆಯುತ್ತಿದ್ದ ಹಾಲಿನ ಪುಡಿಯ ಪ್ರಚಾರವನ್ನು ಕುರಿತು ಒಂದು ವರದಿ ಹೊರತಂದಾಗ ಗಲಾಟೆ ಜಗತ್ತಿಗೆಲ್ಲ ಹಬ್ಬಿತು. ಶುದ್ಧ ನೀರಿಲ್ಲದ, ಬಾಟಲಿ ಕುದಿಸಲು ಸೌದೆಯಿಲ್ಲದ, ಡಬ್ಬ ಹೆಚ್ಚು ದಿನ ಬರಲೆಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಮಾಡುವ ಮನೆಗಳಿಗೆ ಈ ಡಬ್ಬ ಹೋದರೆ ಏನಾಗುತ್ತದೆ ಎಂಬುದು ಪ್ರಶ್ನೆ. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಮಾರಾಟಕ್ಕೆ ಸಂಹಿತೆಯೊಂದನ್ನು ಒಪ್ಪಿಕೊಂಡಿತು. ಪರವಾಗಿ 118 ದೇಶ, ವಿರುದ್ಧ ಅಮೆರಿಕ ಒಂದೇ. ಭಾರತದ ಕಾಯ್ದೆ ಬಂದದ್ದು 1992ರಲ್ಲಿ, ಅದನ್ನು ಬಿಗಿ ಮಾಡಿದ್ದು 2003ರಲ್ಲಿ. ಡಬ್ಬದ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ, ತಾಯಿಯ ಹಾಲೇ ಶ್ರೇಷ್ಠ ಎಂದು ದಪ್ಪಕ್ಷರದಲ್ಲಿ ಬರೆಯಲೇಬೇಕು. ‘ಅಮುಲ್ ಬೇಬಿ’ ಮಾತಿನಲ್ಲಿ ಉಳಿಯಿತು, ಡಬ್ಬದ ಮೇಲಿನ ಬೇಬಿ ಹೋಯಿತು.

ನನಗೆ ಆ ಕಾಯ್ದೆಯ ಬಗ್ಗೆ ಗೌರವವಿದೆ. ಆದರೆ ಆ ರಾತ್ರಿ ಪುಡಿ ಅಳೆಯುತ್ತಾ ಮಗಳು ಒಂದು ಮಾತು ಹೇಳಿದಳು: “ಅಮ್ಮ, ಪ್ರತಿ ಸಲ ಡಬ್ಬ ತೆಗೆದಾಗಲೂ ಯಾರೋ ನನ್ನನ್ನ ಬೈದ ಹಾಗಾಗುತ್ತೆ.” ಹೆರಿಗೆಯಾದ ಮೇಲೆ ಅವಳು ತೆಗೆದುಕೊಳ್ಳಲೇಬೇಕಾದ ಔಷಧಿಯಿಂದಾಗಿ ಎದೆಹಾಲು ಕೊಡಬಾರದೆಂದು ವೈದ್ಯರು ಹೇಳಿದ್ದರು. ಮಗುವನ್ನು ನೋಡಲು ಬಂದ ನಾಲ್ಕು ಜನರಲ್ಲಿ ಮೂವರು “ಯಾಕೆ, ಹಾಲಿಲ್ವಾ?” ಎಂದೇ ಮಾತು ಶುರು ಮಾಡುತ್ತಿದ್ದರು. ಅವಳ ಕಣ್ಣಲ್ಲಿ ನಾನು ಅವತ್ತು ಕಂಡದ್ದು ಅವ್ವನ ಅರವತ್ತು ವರ್ಷವನ್ನು. ಆ ಸಾಲು ಬರೆದದ್ದು ನಿನಗಲ್ಲ ಮಗಳೇ, ಮಾರುವವರಿಗೆ ಹಾಕಿದ ಮೂಗುದಾರ ಅದು ಎಂದೆ. ಹೇಳುವುದು ಸುಲಭ.

ಮಾಡಬೇಕಾದದ್ದು ಏನು ಎಂಬುದರಲ್ಲಿ ಮಾತ್ರ ಈಗ ಗೊಂದಲವಿಲ್ಲ. ಪುಡಿಯೂ ಪೂರ್ತಿ ಕ್ರಿಮಿಮುಕ್ತವಲ್ಲ, ಆದ್ದರಿಂದ 70 ಡಿಗ್ರಿಗಿಂತ ಕಡಿಮೆಯಿಲ್ಲದ ಬಿಸಿನೀರಿಗೇ ಪುಡಿ ಹಾಕಿ, ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕುಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ಸೂಚನೆ ಹೇಳುತ್ತದೆ. ಕಲಸಿದ್ದು ಎರಡು ಗಂಟೆಯೊಳಗೆ ಮುಗಿಯಬೇಕು, ಉಳಿದರೆ ಚೆಲ್ಲಬೇಕು. ಪ್ರಯಾಣದಲ್ಲಿ ಕುದಿಸಿದ ನೀರು ಫ್ಲಾಸ್ಕಿನಲ್ಲಿ, ಪುಡಿ ಒಣ ಡಬ್ಬಿಯಲ್ಲಿ, ಎರಡೂ ಸೇರುವುದು ಮಗು ಹಸಿದಾಗ ಮಾತ್ರ. ಹಾಲು ನೀರನ್ನು ಬೇರೆ ಮಾಡುವ ಹಂಸದ ಮಾತನ್ನು ನಾವು ವಿವೇಕಕ್ಕೆ ಹೋಲಿಸುತ್ತೇವಲ್ಲ, ಬೇಸಿಗೆಯ ದಾರಿಯಲ್ಲಿ ಆ ವಿವೇಕ ಅಕ್ಷರಶಃ ಇಷ್ಟೇ.

ನೀರೂ ಮನೆಯಿಂದಲೇ ಹೋಗಬೇಕು. ನಮ್ಮ ತುಮಕೂರು ಜಿಲ್ಲೆಯ ಹಲವು ಕಡೆ, ಅದರಲ್ಲೂ ಪಾವಗಡದ ಸುತ್ತ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ನಾವು ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೇ ಕುದಿಸಿದೆವು. ಪಕ್ಕದ ಮನೆಯವರು ಎರಡು ಎಳನೀರು ಇಳಿಸಿಕೊಟ್ಟು, “ದಾರೀಲಿ ಕೂಸಿಗೆ ಎರಡು ಚಮಚ ಹಾಕಿ, ತಂಪು” ಅಂದರು. ಆರು ತಿಂಗಳಾಗದ ಮಗುವಿಗೆ ಎಳನೀರೂ ಬೇಡ, ಬರಿಯ ನೀರೂ ಬೇಡ, ಸೆಖೆಗೆ ಬೇಕಾದ ನೀರು ಹಾಲಿನಲ್ಲೇ ಇರುತ್ತದೆ, ಹೆಚ್ಚು ಸಲ ಹಾಲು ಕೊಟ್ಟರಾಯಿತು. ಎಳನೀರನ್ನು ನಾವೇ ಕುಡಿದೆವು.

ಇನ್ನು ಓ.ಆರ್.ಎಸ್. ಪೊಟ್ಟಣ. ಚೀಲದಲ್ಲಿ ಎಲ್ಲಕ್ಕಿಂತ ಹಗುರ, ಅವ್ವನ ಮಟ್ಟಿಗೆ ಎಲ್ಲಕ್ಕಿಂತ ಭಾರ. ಉಪ್ಪು ಮತ್ತು ಗ್ಲೂಕೋಸ್ ಸರಿಯಾದ ಅಳತೆಯಲ್ಲಿ ಸೇರಿದ ನೀರನ್ನು ಭೇದಿಯಾಗುವಾಗಲೂ ಕರುಳು ಹೀರಿಕೊಳ್ಳುತ್ತದೆ ಎಂದು ಢಾಕಾದಲ್ಲಿ ರೋಗಿಗಳ ಮೇಲೆ ತೋರಿಸಿಕೊಟ್ಟದ್ದು 1968ರಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಈ ನೀರನ್ನು ತುಂಬಿಸಿ ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. 2022ರಲ್ಲಿ ಅವರು ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು. ಅಣ್ಣ ಹೋದದ್ದು 1966ರಲ್ಲಿ. ಭೇದಿಯಾಗುವ ಕೂಸಿಗೆ ನೀರು ಬೇಡವೆಂದ ಹಿರಿಯರು ಕೆಟ್ಟವರಲ್ಲ. ಅವರಿಗೆ ತಿಳಿದದ್ದೇ ಅಷ್ಟು.

ಇದನ್ನೆಲ್ಲ ನಾನು ಆ ರಾತ್ರಿ ಅವ್ವನ ಪಕ್ಕ ಮಲಗಿ ಹೇಳಿದೆ. ಪುಡಿ ಉಷ್ಣವಲ್ಲ ಅಂದೆ, ನಿನ್ನ ಹಾಲು ಬತ್ತಿದ್ದು ಜ್ವರಕ್ಕೆ ಅಂದೆ, ಫ್ಲಾಸ್ಕಿಗೆ ಹಾಲು ಹಾಕಬಾರದೆಂದು ಅವತ್ತು ನಿನಗೆ ಹೇಳುವವರೇ ಇರಲಿಲ್ಲ ಅಂದೆ. ಬಹಳ ಹೊತ್ತು ಮಾತಿಲ್ಲ. ನಿದ್ದೆ ಬಂತೇನೋ ಅಂದುಕೊಂಡೆ.

“ಮಧ್ಯಾಹ್ನ ಬಗ್ಗಿಸಿದಾಗ ಒಂಚೂರು ವಾಸ್ನೆ ಬಂದಂಗಾಗಿತ್ತು ಕಣೇ” ಅಂದಳು ಅವ್ವ. “ಚೆಲ್ಲಾನ ಅಂದ್ಕಂಡೆ. ಹಾಲಲ್ವಾ, ಹೆಂಗ್ ಚೆಲ್ಲೋದು? ಡಬ್ಬ ಬ್ಯಾರೆ ಅಷ್ಟ್ ದುಡ್ಡು.”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹಾಲು ಲಕ್ಷ್ಮಿ, ಚೆಲ್ಲಬಾರದು ಎಂದು ಕಲಿತು ಬೆಳೆದವಳು. ನನಗೆ ಹೇಳಲು ಏನೂ ಉಳಿದಿರಲಿಲ್ಲ, ಅವಳ ಕೈ ಹಿಡಿದುಕೊಂಡೆ.

ಬೆಳಗ್ಗೆ ಹೊರಡುವಾಗ ಅವ್ವ ಒಂದು ಬಟ್ಟೆಯ ಗಂಟು ತಂದು ಮಗಳ ಕೈಗಿಟ್ಟಳು. ಬಿಚ್ಚಿದರೆ ಹಿತ್ತಾಳೆಯ ಒಳಲೆ, ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿದ್ದು. ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ತೂಕ ಕಡಿಮೆಯಿರುವ ಎಳೆಗೂಸುಗಳಿಗೆ ಒಳಲೆಯಂಥದ್ದರಲ್ಲೇ ಹಾಲು ಹಾಕುತ್ತಾರೆ. ಸಂದುಗೊಂದಿನ ತೊಟ್ಟಿಗಿಂತ ಬಟ್ಟಲನ್ನು ತೊಳೆಯುವುದು, ಕುದಿಸುವುದು ಸುಲಭ. ಹಿತ್ತಾಳೆ ಬೇಡ, ಸ್ಟೀಲಿನದು ಕೊಳ್ಳೋಣ ಎಂದುಕೊಂಡರೂ ಮಗಳು ಅದನ್ನು ಚೀಲದ ಮೇಲೆಯೇ ಇಟ್ಟುಕೊಂಡಳು.

ದಾರಿ ಚೆನ್ನಾಗಿಯೇ ಸಾಗಿತು. ಬೇಲೂರಿನಲ್ಲಿ ನೆರಳು ನೋಡಿ ನಿಲ್ಲಿಸಿ ಒಮ್ಮೆ, ಚಾರ್ಮಾಡಿ ತಿರುವುಗಳು ಶುರುವಾಗುವ ಮುಂಚೆ ಒಮ್ಮೆ, ಘಾಟಿ ಇಳಿದ ಮೇಲೆ ಉಜಿರೆಯಲ್ಲಿ ಒಮ್ಮೆ. ಪ್ರತಿ ಸಲವೂ ಫ್ಲಾಸ್ಕಿನ ನೀರು, ಡಬ್ಬಿಯ ಪುಡಿ, ತಣ್ಣೀರಿನ ಬಟ್ಟಲು. ಉಜಿರೆಯಲ್ಲಿ ಕೂಸು ಅರ್ಧ ಕುಡಿದು ನಿದ್ದೆಹೋಯಿತು.

ಸಂಜೆ ಸಮುದ್ರದ ದಂಡೆಯಿಂದ ಅವ್ವನಿಗೆ ಫೋನು ಮಾಡಿದೆ. ಸಮುದ್ರ ಹೇಗಿದೆ ಎಂದು ಕೇಳಲಿಲ್ಲ.

“ಕೂಸು ಹಾಲು ಕುಡೀತಾ?”

“ಕುಡೀತು ಅವ್ವ.”

“ಮಿಕ್ಕಿದ್ದು?”

“ಚೆಲ್ಲಿದ್ವಿ. ಉಜಿರೇಲಿ, ಒಂದು ತೆಂಗಿನ ಮರದ ಬುಡಕ್ಕೆ.”

“ಒಳ್ಳೇದಾಯ್ತು ಬಿಡು” ಅಂದಳು. ಫೋನು ಇಡುವ ಮುಂಚೆ ಇನ್ನೊಮ್ಮೆ ಹೇಳಿದಳು: “ನಾಳೇನೂ ಮಿಕ್ಕಿದ್ರೆ ಚೆಲ್ಲಿಬಿಡ್ರವ್ವ. ಏನೂ ಆಗಲ್ಲ.”